ಕಚ್ಚುವ ಚಿಗಟವನ್ನು ಇದು ಕೊಲ್ಲುವುದಿಲ್ಲ: ಪೈರಿಪ್ರಾಕ್ಸಿಫೆನ್ ಜೊತೆ ಮೂರು ವರ್ಷ

ಮೊದಲು ಗುರುತಿಸಿದವಳು ಅಮ್ಮ. ಸಾಗರದಿಂದ ಹ್ಯೂಸ್ಟನ್‌ಗೆ ಬಂದು ಅವಳಿಗೆ ಹದಿನೈದು ದಿನವಾಗಿತ್ತು. ಪಾದದ ಮೇಲ್ಗಡೆ ಸಾಲಾಗಿ ಎದ್ದಿದ್ದ ಕೆಂಪು ಗಂದೆಗಳನ್ನು ನಾನು ಸೊಳ್ಳೆ ಕಡಿತ ಎಂದುಕೊಂಡಿದ್ದೆ. "ಸೊಳ್ಳೆಯಾದರೆ ಕೈಯನ್ನೂ ಬಿಡುವುದಿಲ್ಲ, ಕುತ್ತಿಗೆಯನ್ನೂ ಬಿಡುವುದಿಲ್ಲ. ಇದು ಮೊಣಕಾಲು ದಾಟಿಲ್ಲ ನೋಡು, ಚಿಗಟ" ಎಂದಳು. ಕೊಟ್ಟಿಗೆಯ ಮನೆಯಲ್ಲಿ ಬಾಳಿದವಳ ಮಾತು ಸುಳ್ಳಾಗಲಿಲ್ಲ. ಅಂದು ರಾತ್ರಿ ಬಿಳಿಯ ಕಾಲುಚೀಲ ಹಾಕಿಕೊಂಡು ಹಾಲ್‌ನ ಕಾರ್ಪೆಟ್ ಮೇಲೆ ಹತ್ತು ನಿಮಿಷ ಓಡಾಡಿದೆ. ಹನ್ನೊಂದು ಚಿಗಟಗಳು ಹತ್ತಿದ್ದವು.

ನಮ್ಮದು ಬಾಡಿಗೆ ಮನೆ, ಕೋಣೆ ಕೋಣೆಗೂ ಕಾರ್ಪೆಟ್. ಒಂದು ನಾಯಿ, ಒಂದು ಬೆಕ್ಕು, ಆಗ ಅಂಬೆಗಾಲಿಡುತ್ತಿದ್ದ ಒಂಬತ್ತು ತಿಂಗಳ ಮಗಳು. ಕೀಟ ನಿಯಂತ್ರಣದವರನ್ನು ಕರೆಸಿದೆವು. ಅವರು ಸಿಂಪಡಿಸಿ ಹೋದ ಮೇಲೆ ಎರಡು ವಾರ ನೆಮ್ಮದಿಯಿತ್ತು, ಮೂರನೆಯ ವಾರ ಕಡಿತ ಮತ್ತೆ ಶುರುವಾಯಿತು. ನಾನೇ ಅಂಗಡಿಗೆ ಹೋಗಿ ಪರ್ಮೆಥ್ರಿನ್ ಇರುವ ಸ್ಪ್ರೇ ಕೈಗೆತ್ತಿಕೊಂಡಿದ್ದೆ. ಬೆಕ್ಕಿಗೆ ಅದು ವಿಷ ಎಂದು ಪಶುವೈದ್ಯೆ ತಡೆದರು. ಕೀಟದ ಬೆಳವಣಿಗೆಯನ್ನು ನಿಯಂತ್ರಿಸುವ ಔಷಧಗಳ ಮಾತನ್ನು ಮೊದಲು ಕೇಳಿದ್ದು ಅವರಿಂದಲೇ.

ಹಲವು ಕಂಪನಿಗಳು ಇಂಥ ಔಷಧಗಳನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಹಾಗಾಗಿ ಬಾಟಲಿಯ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು, ಸಕ್ರಿಯ ಘಟಕ ಯಾವುದೆಂದು ಓದಿ. ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಎಂದಿರಬೇಕು. ಮೆಥೊಪ್ರೀನ್ ಬಿಸಿಲಿಗೆ ಬೇಗ ಕೆಡುತ್ತದೆ. ನಮ್ಮ ಹಾಲ್‌ಗೆ ಮಧ್ಯಾಹ್ನವೆಲ್ಲ ಬಿಸಿಲು ಬೀಳುವುದರಿಂದ ನಾನು ಎರಡನೆಯದನ್ನು ಆರಿಸಿಕೊಂಡೆ. ಒಳಾಂಗಣದಲ್ಲಿ ಏಳು ತಿಂಗಳವರೆಗೆ ಪರಿಣಾಮ ಉಳಿಯುತ್ತದೆಂದು ಲೇಬಲ್ ಹೇಳುತ್ತದೆ. ಒಂದು ಗ್ಯಾಲನ್ ನೀರಿಗೆ ಕೆಲವೇ ಮಿಲಿಲೀಟರ್ ಸಾಕು.

ಕಣ್ಣಿಗೆ ಬೀಳುವ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟು ಎಂಬುದು ರೂಢಿಯ ಅಂದಾಜು. ಉಳಿದವು ಮೊಟ್ಟೆ, ಮರಿಹುಳು, ಗೂಡುಗಳಾಗಿ ಕಾರ್ಪೆಟ್‌ನಲ್ಲೇ ಇರುತ್ತವೆ. ಹೆಣ್ಣು ಚಿಗಟ ದಿನಕ್ಕೆ ನಲವತ್ತು, ಐವತ್ತು ಮೊಟ್ಟೆಗಳವರೆಗೆ ಇಡಬಲ್ಲದು. ಹೇನಿನ ಸೀರಿನಂತೆ ಅವು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತವೆ. ಮರಿಹುಳುಗಳು ಬೆಳಕಿಗೆ ಹೆದರಿ ನಾರಿನ ಬುಡಕ್ಕೆ ಇಳಿದು, ದೊಡ್ಡ ಚಿಗಟಗಳ ಹಿಕ್ಕೆಯಲ್ಲಿರುವ ಒಣರಕ್ತ ತಿಂದು ಬೆಳೆಯುತ್ತವೆ. ಮರಿಹುಳು ಗೂಡು ಕಟ್ಟಿ ರೂಪ ಬದಲಿಸಬೇಕಾದರೆ ಅದರ ಮೈಯಲ್ಲಿರುವ ಎಳೆತನದ ಹಾರ್ಮೋನ್ ಇಳಿಯಬೇಕು. ಈ ಔಷಧ ಅದೇ ಹಾರ್ಮೋನಿನಂತೆ ವರ್ತಿಸುತ್ತದೆ. ಮೊಟ್ಟೆ ಒಡೆಯುವುದಿಲ್ಲ, ಮರಿ ಚಿಗಟವಾಗುವುದಿಲ್ಲ. ಮನುಷ್ಯನಲ್ಲಾಗಲಿ ನಾಯಿ, ಬೆಕ್ಕಿನಲ್ಲಾಗಲಿ ಆ ಹಾರ್ಮೋನೇ ಇಲ್ಲ. ಮಗಳು ತೆವಳುವ ನೆಲಕ್ಕೆ ಇದನ್ನು ಹಾಕಲು ನಾನು ಒಪ್ಪಿದ್ದು ಇದೊಂದು ಕಾರಣಕ್ಕೆ.

ಈ ವಿದ್ಯೆಯ ಹಿಂದೆ ನನಗೆ ಬಹಳ ಇಷ್ಟವಾದ ಒಂದು ಕಥೆಯಿದೆ. 1960ರ ದಶಕದಲ್ಲಿ ಕರೆಲ್ ಸ್ಲಾಮಾ ಎಂಬ ಜೆಕ್ ವಿಜ್ಞಾನಿ ತನ್ನ ತಿಗಣೆ ಜಾತಿಯ ಕೀಟಗಳನ್ನು ಹಾರ್ವರ್ಡ್‌ಗೆ, ಕ್ಯಾರೊಲ್ ವಿಲಿಯಮ್ಸ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಅವು ಪ್ರಾಯಕ್ಕೇ ಬರಲಿಲ್ಲ. ಹುಡುಕುತ್ತಾ ಹೋದರೆ ಕಾರಣ ಪೆಟ್ಟಿಗೆಯೊಳಗೆ ಹಾಸಿದ್ದ ಕಾಗದ! ಅಮೆರಿಕದ ಪತ್ರಿಕೆಗಳ ಕಾಗದ ಹಾಸಿದರೂ ಹಾಗೆಯೇ ಆಯಿತು, ಲಂಡನ್ನಿನ ಪತ್ರಿಕೆಯ ಕಾಗದ ಹಾಸಿದರೆ ಏನೂ ಆಗಲಿಲ್ಲ. ಅಮೆರಿಕದ ಕಾಗದಕ್ಕೆ ಬಳಸುತ್ತಿದ್ದ ಬಾಲ್ಸಮ್ ಫರ್ ಮರದಲ್ಲೇ ಆ ಹಾರ್ಮೋನಿನಂಥ ವಸ್ತುವಿತ್ತು.

ನನ್ನ ಅನುಭವಕ್ಕೆ ಬರುತ್ತೇನೆ. ರಾತ್ರಿ ದೀಪದ ಕೆಳಗೆ ಸೋಪಿನ ನೀರು ತುಂಬಿದ ತಟ್ಟೆ ಇಟ್ಟು, ಬೆಳಿಗ್ಗೆ ಬಿದ್ದವನ್ನು ಎಣಿಸುತ್ತಿದ್ದೆ. ಸಿಂಪಡಿಸಿದ ಮೊದಲ ವಾರದ ಒಟ್ಟು ಮೂವತ್ತನಾಲ್ಕು. ಎರಡನೆಯ ವಾರ ನಲವತ್ತೊಂದು. ಹೆಂಡತಿ ನಂಬಿಕೆ ಕಳೆದುಕೊಂಡದ್ದು ಆಗ, ಅವಳದು ತಪ್ಪೂ ಅಲ್ಲ. ಆದರೆ ಇದು ಔಷಧದ ಸೋಲಲ್ಲ. ಆಗಲೇ ಗೂಡು ಸೇರಿದ್ದವುಗಳನ್ನು ಇದು ಮುಟ್ಟುವುದಿಲ್ಲ. ಧೂಳು, ನಾರು ಅಂಟಿಸಿಕೊಂಡ ಆ ಗೂಡಿನೊಳಗೆ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದಾಗ ಹೊರಗೆ ಬರುತ್ತದೆ. ಆದ್ದರಿಂದ ದಿನವೂ ವ್ಯಾಕ್ಯೂಮ್ ಹಾಕಿದೆ, ಆ ಅದುರಿಗೆ ಅವು ಬೇಗ ಎದ್ದು ಬರಲಿ ಎಂದೇ. ಚೀಲವನ್ನು ಬಿಗಿಯಾಗಿ ಕಟ್ಟಿ ಹೊರಗಿನ ಕಸದ ಡಬ್ಬಿಗೆ ಹಾಕುತ್ತಿದ್ದೆ. ಐದನೆಯ ವಾರ ಒಂಬತ್ತು, ಎಂಟನೆಯ ವಾರ ಸೊನ್ನೆ.

ಇದೆಲ್ಲದರ ಜೊತೆಗೆ ನಾಯಿಗೂ ಬೆಕ್ಕಿಗೂ ಪಶುವೈದ್ಯೆ ಬರೆದುಕೊಟ್ಟ ಚಿಗಟದ ಔಷಧ ತಿಂಗಳು ತಪ್ಪದೆ ನಡೆಯಿತು. ಅದಿಲ್ಲದೆ ನೆಲಕ್ಕೆ ಮಾತ್ರ ಸಿಂಪಡಿಸಿ ಪ್ರಯೋಜನವಿಲ್ಲ. ನಾಯಿಯ ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದೆವು.

ಸಿಂಪಡಿಸುವ ದಿನ ಮಗಳನ್ನೂ ಪ್ರಾಣಿಗಳನ್ನೂ ಕರೆದುಕೊಂಡು ಅಮ್ಮ, ಹೆಂಡತಿ ಹೊರಗೆ ಹೋಗುತ್ತಾರೆ. ಕಾರ್ಪೆಟ್ ಪೂರ್ತಿ ಒಣಗುವವರೆಗೆ ಯಾರೂ ಒಳಗೆ ಬರುವುದಿಲ್ಲ. ಆಟಿಕೆಗಳನ್ನು ಮೊದಲೇ ಎತ್ತಿಡುತ್ತೇವೆ. ಕೈಗವಸು ಬೇಕು. ಮೀನಿನ ತೊಟ್ಟಿಯನ್ನು ಮುಚ್ಚಿ ಗಾಳಿಯ ಪಂಪ್ ನಿಲ್ಲಿಸಬೇಕು, ಏಕೆಂದರೆ ಜಲಚರಗಳಿಗೆ ಇದು ಕೆಟ್ಟದ್ದು. ಉಳಿದದ್ದನ್ನು ಚರಂಡಿಗೆ ಸುರಿಯಲೇಬಾರದು. ಸೊಳ್ಳೆ ಮರಿಗಳನ್ನು ತಡೆಯಲು ಕುಡಿಯುವ ನೀರಿನ ತೊಟ್ಟಿಗೂ ಪೈರಿಪ್ರಾಕ್ಸಿಫೆನ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ನಿಜ. ಆದರೆ ಆ ತಯಾರಿಕೆ ಬೇರೆ, ಪ್ರಮಾಣ ಬೇರೆ. ಕಾರ್ಪೆಟ್‌ನ ಬಾಟಲಿಗೆ ಆ ಮಾತನ್ನು ದಯವಿಟ್ಟು ಅನ್ವಯಿಸಬೇಡಿ.

ದೂರುಗಳೂ ಇವೆ. ಲೇಬಲ್ ಅಕ್ಷರಗಳು ಭೂತಗನ್ನಡಿಗೂ ಸಣ್ಣವು. ಮಗುವಿರುವ ಮನೆಗೆ ಬರುವ ಔಷಧದ ಮೇಲೆ ಹೀಗೆ ಅಚ್ಚು ಹಾಕುವುದು ಅನ್ಯಾಯ. ಎರಡನೆಯ ವರ್ಷ ಸಿಂಪಡಿಸಿದ ತಿಂಗಳಲ್ಲೇ ಕಾರ್ಪೆಟ್‌ಗೆ ಶಾಂಪೂ ಮಾಡಿಸಿದೆವು, ಔಷಧ ಅದರ ಜೊತೆಗೇ ಹೋಯಿತು, ಮತ್ತೆ ಸಿಂಪಡಿಸಬೇಕಾಯಿತು. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ.

ಊರಿನವರು ಕೇಳಿದರೆ ನನ್ನ ಉತ್ತರ ಬೇರೆ. ದಿನವೂ ಗುಡಿಸಿ ಒರೆಸುವ ರೆಡ್ ಆಕ್ಸೈಡ್ ನೆಲಕ್ಕೆ ಈ ಸ್ಪ್ರೇ ಅಷ್ಟಾಗಿ ಬೇಕಿಲ್ಲ. ದೊಡ್ಡ ಚಿಗಟಗಳನ್ನು ಕೊಲ್ಲುವ ಫಿಪ್ರೊನಿಲ್ ಜೊತೆ ಮೆಥೊಪ್ರೀನ್ ಸೇರಿಸಿದ, ಕತ್ತಿನ ಹಿಂದೆ ಹನಿಸುವ ಔಷಧ ಭಾರತದಲ್ಲೂ ಸಿಗುತ್ತದೆ. ಬೆಕ್ಕಿಗೆ ಬೆಕ್ಕಿನದೇ ಪೊಟ್ಟಣ ಕೇಳಿ. ಶಿಡ್ಲಘಟ್ಟ, ರಾಮನಗರದ ಕಡೆಯವರಿಗೆ ಇನ್ನೊಂದು ಮಾತು: ಹುಳು ಸಾಕುವ ಮನೆಯ ಹತ್ತಿರಕ್ಕೂ, ಹಿಪ್ಪುನೇರಳೆ ಸೊಪ್ಪಿನ ಹತ್ತಿರಕ್ಕೂ ಪೈರಿಪ್ರಾಕ್ಸಿಫೆನ್ ತರಬೇಡಿ. ಅದರ ಲೇಶ ತಾಗಿದರೂ ರೇಷ್ಮೆಹುಳು ಗೂಡು ಕಟ್ಟದೆ ಉಳಿದುಬಿಡುತ್ತದೆ.