‘ಡಾಕ್ಯುಮೆಂಟ್ ಮಾಡಿ ಕಳಿಸ್ರಿ’ ಅಂದರೆ ಸ್ವಲ್ಪ ತಡೀರಿ

ಕಲಬುರಗಿಯಲ್ಲಿ ಮನೆಯಲ್ಲೇ ಕೂತು ತ್ರೀಡಿ ವ್ಯೂ, ಅಂದರೆ ಇನ್ನೂ ಕಟ್ಟದ ಕಟ್ಟಡ ಹೇಗೆ ಕಾಣುತ್ತೆ ಅನ್ನೋ ಕಂಪ್ಯೂಟರ್ ಚಿತ್ರ, ಮಾಡಿಕೊಡುವವರು ಈಗ ತುಂಬಾ ಜನ ಇದ್ದಾರೆ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು, ಎಂಜಿನಿಯರ್ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡಿ ಮದುವೆಯಾದ ಮೇಲೆ ಬಿಟ್ಟ ನನ್ನಂಥವರು. ಹಣ ಬರುವ ಮೊದಲೇ ಮೂಲ ಫೈಲ್ ಕಳಿಸಿ ನಾನು ಕೈ ಸುಟ್ಟುಕೊಂಡ ಈ ಕತೆ ಅವರಿಗೆ. ಫ್ಲ್ಯಾಟ್ ಬುಕ್ ಮಾಡುವವರು ಓದಿದರೂ ನಷ್ಟ ಇಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಒಂದು ಫೋನ್ ಬಂತು. ರಿಂಗ್ ರೋಡ್ ಕಡೆ ಅಪಾರ್ಟ್‌ಮೆಂಟ್ ಬರುತ್ತಿದೆ, ನಾಲ್ಕು ಮಹಡಿ, ಹದಿನಾರು ಮನೆ, ಎಲಿವೇಶನ್ (ಕಟ್ಟಡದ ಹೊರನೋಟ) ಬೇಕು. ಮಾತಾಡಿದವರು ಬಿಲ್ಡರ್ ಅಲ್ಲ, ಬಿಲ್ಡರ್ ‘ಕಡೆಯವರು’. ಆರು ವ್ಯೂಗೆ 24,000, ಕಟ್ಟಡದ ಸುತ್ತ ನಡೆದು ನೋಡಿದಂತೆ ಕಾಣುವ ನಲವತ್ತು ಸೆಕೆಂಡಿನ ವಿಡಿಯೊ, ಅಂದರೆ ವಾಕ್‌ಥ್ರೂಗೆ 20,000 ಅಂತ ಮಾತಾಯಿತು. ಅಡ್ವಾನ್ಸ್ ಕೇಳಿದೆ.

“ಮೇಡಂ, ನಿಮ್ ರೊಕ್ಕ ಎಲ್ಲಿ ಓಡಿ ಹೋಗ್ತದ್ರಿ? ಸಾಹೇಬ್ರು ಒಮ್ಮೆ ನೋಡ್ಲಿ, ಆಮ್ಯಾಲ ಪೂರಾ ಕೊಟ್ಟೇ ಬಿಡ್ತೀವ್ರಿ.”

ನಮಗೆ ಗೊತ್ತಿದ್ದ ಕಂಟ್ರಾಕ್ಟರ್ ಒಬ್ಬರ ಹೆಸರನ್ನೂ ಹೇಳಿದರು. ಪರಿಚಯದವರ ಮೂಲಕ ಬಂದವರ ಮುಂದೆ ಕಾಗದ ಇಟ್ಟು ಸಹಿ ಹಾಕಿ ಅನ್ನೋಕೆ ನಮ್ಮ ಕಡೆ ಬಾಯಿ ಬರಲ್ಲ. ನನಗೂ ಬರಲಿಲ್ಲ.

“ಎಲ್ಲಾ ಕಂಪ್ಯೂಟರೇ ಮಾಡ್ತದಲ್ರಿ” ಅನ್ನುವವರಿಗಾಗಿ ಕೆಲಸದ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. ಆಟೋಕ್ಯಾಡ್‌ನಲ್ಲಿ ಬರೆದ ಪ್ಲ್ಯಾನ್ ನೋಡಿಕೊಂಡು, ತ್ರೀಡಿ ಸಾಫ್ಟ್‌ವೇರ್ ಸ್ಕೆಚ್‌ಅಪ್‌ನಲ್ಲಿ ಕಟ್ಟಡ ಎಬ್ಬಿಸಬೇಕು. ಆಮೇಲೆ ಕಲ್ಲು, ಗಾಜು, ಬಣ್ಣ, ಬೆಳಕು. ಅಂಗಳಕ್ಕೆ ಶಹಾಬಾದ್ ಕಲ್ಲು ಬೇಕು ಅಂದರು. ರೆಡಿಮೇಡ್ ಸಿಗುವ ಕಲ್ಲಿನ ಚಿತ್ರಗಳಲ್ಲಿ ಒಂದೂ ನಮ್ಮ ಶಹಾಬಾದ್ ಥರ ಕಾಣಲ್ಲ. ನಮ್ಮ ಮನೆ ಪಡಸಾಲೆಯ ಫೋಟೋ ತೆಗೆದೇ ಹಾಕಿದೆ. ಗಿಡಗಳದ್ದೂ ಅದೇ ಕತೆ, ಎಲ್ಲಾ ಪರದೇಶದವು. ಕಲಬುರಗಿ ಬಿಸಿಲಿನಲ್ಲಿ ಪೈನ್ ಮರ ನಿಲ್ಲಿಸಿದರೆ ನೋಡಿದವರು ನಗಲ್ವಾ? ನಮ್ಮ ಓಣಿ ಮೂಲೆಯಲ್ಲಿ ಒಂದು ಬೇವಿನ ಗಿಡ ಇದೆ. ತಂತಿಗೆ ತಾಗುತ್ತೆ ಅಂತ ಲೈನ್‌ಮನ್‌ಗಳು ಎಡಗಡೆಯ ಟೊಂಗೆ ಕಡಿದಿದ್ದರಿಂದ ಒಂದು ಪಕ್ಕ ಬೋಳು. ಅದನ್ನೇ ಫೋಟೋ ತೆಗೆದು, ಹಿನ್ನೆಲೆ ಕತ್ತರಿಸಿ ಗೇಟಿನ ಪಕ್ಕ ನಿಲ್ಲಿಸಿದೆ.

ಇನ್ನು ವಾಕ್‌ಥ್ರೂ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ನಲವತ್ತು ಸೆಕೆಂಡಿಗೆ 1,000. ನನ್ನ ಕಂಪ್ಯೂಟರಿಗೆ ಒಂದು ಫ್ರೇಮಿಗೆ ನಾಲ್ಕು ನಿಮಿಷ ಹಿಡಿಯಿತು. ಅಂದರೆ 66 ಗಂಟೆಗೂ ಹೆಚ್ಚು, ಹತ್ತಿರ ಹತ್ತಿರ ಮೂರು ದಿನ. ಅದೂ ಏಪ್ರಿಲ್‌ನಲ್ಲಿ. ಸಿಪಿಯು ಪಕ್ಕದ ತಗಡು ಬಿಚ್ಚಿಟ್ಟು, ಮನೆಯ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದ್ದೆ. ಮಕ್ಕಳು ಬೆವರುತ್ತಾ ಮಲಗಿದವು, ಕಂಪ್ಯೂಟರ್ ತಣ್ಣಗಿತ್ತು. ಕರೆಂಟ್ ಎರಡು ಸಲ ಹೋಯಿತು. ಫ್ರೇಮ್‌ಗಳನ್ನು ಬಿಡಿ ಚಿತ್ರಗಳಾಗಿ ಸೇವ್ ಮಾಡ್ತಿದ್ದೆ, ಹಾಗಾಗಿ ಪ್ರತಿ ಸಲ ಹಾಳಾಗಿದ್ದು ಒಂದೇ ಫ್ರೇಮ್. ನೇರವಾಗಿ ವಿಡಿಯೊ ಮಾಡಲು ಬಿಟ್ಟಿದ್ದರೆ ಮೊದಲಿನಿಂದ ಶುರು ಮಾಡಬೇಕಿತ್ತು.

ಮಧ್ಯದಲ್ಲಿ ತಿದ್ದುಪಡಿ. ಎದುರಿಗಿರುವ ನಾಲಾ ತೆಗೀರಿ. ಟ್ರಾನ್ಸ್‌ಫಾರ್ಮರ್ ತೆಗೀರಿ. ರಸ್ತೆ ಸ್ವಲ್ಪ ಅಗಲ ಮಾಡ್ರಿ. ಕೊನೆಗೆ ಹಿಂದಿನ ಜಾಗದಲ್ಲಿ ಸ್ವಿಮ್ಮಿಂಗ್ ಪೂಲ್ ಹಾಕ್ರಿ. “ಪ್ಲ್ಯಾನ್‌ನಲ್ಲಿ ಅಲ್ಲಿ ಪಾರ್ಕಿಂಗ್ ಇದೆಯಲ್ರೀ” ಅಂತ ಮೆಸೇಜು ಮಾಡಿದೆ. “ಪ್ಲ್ಯಾನ್ ನೋಡಬ್ಯಾಡ್ರಿ, ಚಂದ ಕಾಣಬೇಕು” ಅಂತ ಉತ್ತರ ಬಂತು. ಹಾಕಿದೆ. ನೀಲಿ ನೀರು, ಪಕ್ಕದಲ್ಲಿ ಎರಡು ಆರಾಮ ಕುರ್ಚಿ. ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡಲ್ಲ.

ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿಯೇ ಕಳಿಸ್ತಿದ್ದೆ. ಹಾಗೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಮೊಬೈಲಿನಲ್ಲಿ ನೋಡೋಕೆ ಸಾಕು, ದೊಡ್ಡದಾಗಿ ಪ್ರಿಂಟ್ ಹಾಕೋಕೆ ಆಗಲ್ಲ. ಮೂಲೆಯಲ್ಲಿ ನನ್ನ ಹೆಸರು ಬೇರೆ ಇತ್ತು. ಒಂದು ಸಂಜೆ ಫೋನ್ ಮಾಡಿ, “ಮಬ್ಬು ಕಾಣ್ಲಿಕತ್ತದ್ರಿ, ಸಾಹೇಬ್ರು ಟಿವಿಯಾಗ ನೋಡ್ತಾರಂತ. ಡಾಕ್ಯುಮೆಂಟ್ ಮಾಡಿ ಕಳಿಸ್ರಿ, ನಾಳಿಗೇ ರೊಕ್ಕ ಹಾಕ್ತೀವಿ” ಅಂದರು. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಫೈಲ್ ಕುಗ್ಗಲ್ಲ, ಇದ್ದ ಹಾಗೇ ಹೋಗುತ್ತದೆ. ಅಡ್ಡ ಹಾಳೆಯ ಎ4 ಬ್ರೋಷರಿಗೆ ಅಚ್ಚುಕಟ್ಟಾಗಿ 3508 ಪಿಕ್ಸೆಲ್ ಅಗಲ ಸಾಕು. ನಾನು ಕಳಿಸಿದ್ದು 3840ರದ್ದು. ಅವರಿಗೆ ಬೇಕಾಗಿದ್ದು ಟಿವಿಗಲ್ಲ ಅಂತ ನನಗೆ ಹೊಳೀಲೇ ಇಲ್ಲ.

ಮಾರನೇ ದಿನ ರೊಕ್ಕ ಬರಲಿಲ್ಲ. ಆ ವಾರವೂ ಬರಲಿಲ್ಲ. “ಸಾಹೇಬ್ರು ಊರಾಗಿಲ್ರಿ” ಅನ್ನೋದು ಮೂರು ವಾರ ನಡೀತು. ಆಮೇಲೆ ಫೋನ್ ಎತ್ತೋದೇ ನಿಂತಿತು.

ಜೂನ್‌ನಲ್ಲಿ ಆಟೋದಲ್ಲಿ ಹೋಗ್ತಿದ್ದಾಗ ಹೋರ್ಡಿಂಗ್ ಕಾಣಿಸಿತು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿ ಹಾಕಿದ್ದರು. ಮೂಲೆಯಲ್ಲಿದ್ದದ್ದು ತಾನೇ, ಎಷ್ಟು ಹೊತ್ತಿನ ಕೆಲಸ? ಆದರೆ ಗೇಟಿನ ಪಕ್ಕ ಬೇವಿನ ಗಿಡ, ಎಡಗಡೆ ಬೋಳು. ಆಟೋ ನಿಲ್ಲಿಸಿ ಫೋಟೋ ತೆಗೆದುಕೊಂಡೆ. ಅದನ್ನು ಕಳಿಸಿದ ಮೇಲೆ 5,000 ಹಾಕಿದರು, “ಉಳಿದದ್ದು ನೋಡೂಣು” ಅಂತ. ಆ ನೋಡೂಣು ಇನ್ನೂ ನಡೆದಿದೆ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿ, ಬಾಕಿ ಹಣದ ದೂರಿಗೆ ಸರ್ಕಾರ ಮಾಡಿದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡು ಅಂತ ಗೆಳತಿ ಹೇಳಿದಳು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಬಡ್ಡಿ ಸಮೇತ. ಆದರೆ ನೋಂದಣಿ ಕೆಲಸಕ್ಕಿಂತ ಮೊದಲೇ ಆಗಿದ್ದರೆ ಒಳ್ಳೇದು. ಆಮೇಲೆ ಮಾಡಿಸಿದ್ದು ಹಳೇ ಬಾಕಿಗೆ ನಡೆಯುತ್ತೋ ಇಲ್ಲವೋ ಅನ್ನೋದು ತಕರಾರಿನ ವಿಷಯ. ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ನಾನು ಮಾಡಿಸಿರಲಿಲ್ಲ. ನೀವು ಇವತ್ತು ರಾತ್ರಿ ಊಟಕ್ಕಿಂತ ಮುಂಚೆ ಮಾಡಿಸಿಬಿಡಿ.

ಈಗ ಅರ್ಧ ಹಣ ಬರುವವರೆಗೆ ಸಾಫ್ಟ್‌ವೇರೇ ತೆರೆಯಲ್ಲ. ಹೆಸರನ್ನು ಕಟ್ಟಡದ ನಟ್ಟನಡುವೆ ಅಡ್ಡಡ್ಡ ಹಾಕ್ತೀನಿ. ಪೂರ್ತಿ ಹಣ ಬರೋ ತನಕ ಡಾಕ್ಯುಮೆಂಟ್ ಇಲ್ಲ. ಎಷ್ಟು ಸಲ ತಿದ್ದಿಕೊಡ್ತೀನಿ ಅನ್ನೋದೂ ಮೊದಲೇ ಮೆಸೇಜಿನಲ್ಲಿ ಹೋಗುತ್ತದೆ. ಈ ಷರತ್ತು ಕೇಳಿ ಇಬ್ಬರು ವಾಪಸ್ ಹೋದರು. ಹೋಗಲಿ.

ನಾನು ಇದನ್ನೆಲ್ಲ ಮರೆತು ಸುಮ್ನಿರುತ್ತಿದ್ದೆನೋ ಏನೋ. ಆದರೆ ದೀಪಾವಳಿ ಹೊತ್ತಿಗೆ ನಮ್ಮ ಓಣಿಯ ರಿಟೈರ್ಡ್ ಟೀಚರ್ ಒಬ್ಬರು ಬ್ರೋಷರ್ ಹಿಡಿದುಕೊಂಡು ಮನೆಗೆ ಬಂದರು. ಪೆನ್ಶನ್ ದುಡ್ಡಿನಲ್ಲಿ ಅಲ್ಲೇ ಬುಕ್ ಮಾಡಿದ್ದಾರೆ. ನೀಲಿ ನೀರಿನ ಮೇಲೆ ಬೆರಳಿಟ್ಟು, “ಇದು ನೀನೇ ಮಾಡೀಯಂತಲ್ಲವ್ವಾ, ಇದು ಎಲ್ಲಿ ಬರ್ತದ? ನಾ ಹೋಗಿ ನೋಡ್ದೆ, ಅಲ್ಲಿ ಗಾಡಿ ನಿಲ್ಸೋ ಗೆರಿ ಹಾಕ್ಯಾರ” ಅಂದರು. ಬ್ರೋಷರಿನಲ್ಲಿ ಸಣ್ಣಕ್ಷರದಲ್ಲಿ ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನಂಬರ್ ಇತ್ತು. ಅದನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ, ಮಂಜೂರಾದ ಪ್ಲ್ಯಾನ್ ತೆಗೆದು ಇಬ್ಬರೂ ನೋಡಿದೆವು. ಪೂಲ್ ಎಲ್ಲೂ ಇಲ್ಲ. ಮುಂಗಡ ಕೊಡುವ ಮೊದಲು ಎರಡು ನಿಮಿಷದ ಕೆಲಸ ಇದು.

ಜಾಹೀರಾತಿನ ಸುಳ್ಳು ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು ಅಂತ 2016ರ ರೇರಾ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಟೀಚರ್ ದೂರು ಹಾಕಿದ್ದಾರೆ. ‘ಪ್ಲ್ಯಾನ್ ನೋಡಬ್ಯಾಡ್ರಿ’ ಅನ್ನೋ ಮೆಸೇಜನ್ನು ತಾರೀಖಿನ ಸಮೇತ ಅವರಿಗೆ ಕೊಟ್ಟಿದ್ದೇನೆ. ಕರೆದರೆ ಹೋಗಿ ಹೇಳ್ತೀನಿ ಅಂತಲೂ ಅಂದಿದ್ದೇನೆ. ಅದು ಮುಗಿಯುವವರೆಗೆ ಬಿಲ್ಡರ್ ಹೆಸರು ಮಾತ್ರ ಕೇಳಬೇಡಿ. ರಿಂಗ್ ರೋಡಿನಲ್ಲಿ ಎಡಗಡೆ ಬೋಳಾದ ಬೇವಿನ ಗಿಡದ ಹೋರ್ಡಿಂಗ್ ಕಂಡರೆ, ಅದು ನಮ್ಮ ಓಣಿಯ ಗಿಡ.