‘ಒಂದೆರಡು ಬಾರಿ ಉಟ್ಟ ಕಾಸರಗೋಡು ಸೀರೆ’ ಕೊಳ್ಳುವ ಮುನ್ನ

ಕಪಾಟು ತುಂಬ ಹೊಸ ಬಟ್ಟೆ ಪೇರಿಸುವುದನ್ನು ಬಿಟ್ಟು, ಇನ್ನೊಬ್ಬರು ಉಟ್ಟ ಒಳ್ಳೆಯ ಕೈಮಗ್ಗದ ಸೀರೆಗಳನ್ನು ಕಡಿಮೆ ಬೆಲೆಗೆ ಕೊಳ್ಳಬಯಸುವ ನಮ್ಮ ಬದಿಯಡ್ಕ, ನೀರ್ಚಾಲು ಕಡೆಯ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇನ್‌ಸ್ಟಾಗ್ರಾಮ್‌ನ ಪುಟವೊಂದರಿಂದ, ‘ಅಮ್ಮನ ಸಂಗ್ರಹದ ಅಪ್ಪಟ ಹತ್ತಿಯ ಕಾಸರಗೋಡು ಸೀರೆಗಳು’ ಎಂಬ ವಿವರಣೆಯನ್ನು ನಂಬಿ, ನಾನು ಮುಂಗಡವಾಗಿ ಹಣ ಪಾವತಿಸಿ ತರಿಸಿದ ಸೀರೆಗಳು ಪಾಲಿಯೆಸ್ಟರ್ ಬೆರೆತ ಬಟ್ಟೆಯವಾಗಿದ್ದವು.

ಕಾಸರಗೋಡು ಸೀರೆ ಭೌಗೋಳಿಕ ಸೂಚಕ (ಒಂದು ಊರಿನದೇ ವಿಶಿಷ್ಟ ಸರಕೆಂಬ ಕಾನೂನಿನ ಮಾನ್ಯತೆ) ಪಡೆದಿರುವ ಹತ್ತಿಯ ಕೈಮಗ್ಗದ ಸೀರೆ. ಬಂದ ಸೀರೆಗಳಲ್ಲಿ ಮುಟ್ಟಿದೊಡನೆ ಜಾರುವ ನಯವಿತ್ತು. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಸುಟ್ಟಾಗ, ಹತ್ತಿಯಾಗಿದ್ದರೆ ಸುಟ್ಟ ಕಾಗದದ ವಾಸನೆಯೊಂದಿಗೆ ಪುಡಿಯಾಗಬೇಕಿದ್ದ ಬೂದಿಯ ಬದಲು, ಎಳೆ ಮುದುಡಿ ಕರಗಿ ಗಟ್ಟಿಯಾದ ಕಪ್ಪು ಮಣಿಯಾಯಿತು. (ಈ ಪರೀಕ್ಷೆ ನೂಲು ಯಾವುದೆಂಬುದನ್ನು ಮಾತ್ರ ತಿಳಿಸುತ್ತದೆ, ವಿದ್ಯುತ್ ಮಗ್ಗದಲ್ಲಿ ನೇಯ್ದ ಹತ್ತಿ ಸೀರೆಯೂ ಇದರಲ್ಲಿ ಪಾಸಾಗುತ್ತದೆ.) ನಮ್ಮ ಕರಾವಳಿಯ ಸೆಕೆಗೆ ಅಂಥ ಬಟ್ಟೆ ಒಗ್ಗದು, ಒಗೆದಾಗಲೆಲ್ಲ ಪ್ಲಾಸ್ಟಿಕ್‌ನ ಸೂಕ್ಷ್ಮ ಎಳೆಗಳೂ ನೀರಿಗೆ ಸೇರುತ್ತವೆ.

ಹಿಂದಿರುಗಿಸುವ ಮಾತೆತ್ತಿದಾಗ ಬಂದ ಉತ್ತರ, ‘ಹಳೆಯ ಬಟ್ಟೆಗೆ ಗ್ಯಾರಂಟಿ ಇಲ್ಲ, ಇವು ನಮ್ಮ ಮನೆಯವು, ನಾವು ಅಂಗಡಿಯವರಲ್ಲ’ ಎಂದು. ಆ ಮೇಲೆ ನನ್ನನ್ನು ಬ್ಲಾಕ್ ಮಾಡಲಾಯಿತು. ಈ ಉತ್ತರ ತಿಳಿಯದೆ ಆಡಿದ್ದೆಂದು ನನಗನ್ನಿಸುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ವ್ಯಕ್ತಿಯೊಬ್ಬರು ನಿಯತ ವ್ಯಾಪಾರವಾಗಿ ಅಲ್ಲದೆ ಸ್ವಂತ ನೆಲೆಯಲ್ಲಿ ಮಾಡುವ ಮಾರಾಟಕ್ಕೆ ಅನ್ವಯಿಸುವುದಿಲ್ಲ. ಆದರೆ ಅದೇ ಪುಟದಲ್ಲಿ ಒಂದೇ ಅಂಚಿನ, ಒಂದೇ ಚೌಕುಳಿಯ ಸೀರೆ ವಾರವಾರವೂ ಬೇರೆ ಬೇರೆ ಬಣ್ಣದಲ್ಲಿ ಮಾರಾಟಕ್ಕಿತ್ತು. ಯಾವ ಅಮ್ಮನ ಸಂಗ್ರಹವೂ ಹಾಗಿರುವುದಿಲ್ಲ. ನಿಯತವಾಗಿ ವ್ಯಾಪಾರ ಮಾಡುವವರಾದರೆ, ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ.

ಉಟ್ಟ ಸೀರೆಯಲ್ಲಿ ಕೈಮಗ್ಗದ್ದೇ ಎಂದು ಖಾತ್ರಿಪಡಿಸುವ, 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್‌ನ ಚೀಟಿ ಉಳಿದಿರುವುದು ಅಪರೂಪ. ಆದ್ದರಿಂದ ಚೀಟಿ ಇಲ್ಲದ್ದನ್ನೇ ಮೋಸವೆನ್ನಲಾಗದು. ಆದರೆ ನೇಕಾರರ ಸಹಕಾರ ಸಂಘದ ಹಳೆಯ ರಸೀದಿಯೂ ಇಲ್ಲವಾದರೆ, ಅದನ್ನು ಹೆಸರಿಲ್ಲದ ಸೀರೆಯೆಂದೇ ಭಾವಿಸಿ ಬೆಲೆ ಕಟ್ಟಿರಿ. ಹಗಲಿನ ಬೆಳಕಿನಲ್ಲಿ ತೆಗೆದ, ಸೀರೆಯ ಹಿಂಬದಿಯೂ ಕುಚ್ಚೂ ಕಾಣುವ ವೀಡಿಯೋ ಕೇಳಿರಿ. ‘ಆಮೇಲೆ ಕಳುಹಿಸುತ್ತೇವೆ, ಮೊದಲು ಹಣ ಹಾಕಿ, ಬೇರೆಯವರು ಕಾಯುತ್ತಿದ್ದಾರೆ’ ಎಂದರೆ ಅಲ್ಲಿಗೇ ನಿಲ್ಲಿಸಿರಿ. ಸಾಧ್ಯವಾದರೆ ಪರಿಚಿತರಿಂದಲೇ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಮೇಲು. ಹೊಸದೇ ಬೇಕಾದರೆ ವರ್ಷಕ್ಕೆ ಒಂದನ್ನಷ್ಟೇ ನೇಕಾರರ ಸಂಘದಿಂದ ಕೊಳ್ಳುವುದು ನನ್ನ ಮಟ್ಟಿಗೆ ಅಗ್ಗದ ದಾರಿ, ಏಕೆಂದರೆ ಒಳ್ಳೆಯ ಹತ್ತಿ ಸೀರೆ ಬಹಳ ಕಾಲ ಬಾಳುತ್ತದೆ.

ಈಗಾಗಲೇ ಹಣ ಕಳೆದುಕೊಂಡವರು ಮಾರಾಟದ ವಿವರಣೆ, ಮಾತುಕತೆ, ಪಾವತಿಯ ಸಂಖ್ಯೆ ಇವುಗಳ ಸ್ಕ್ರೀನ್‌ಶಾಟ್‌ಗಳನ್ನು ಪುಟ ಮಾಯವಾಗುವ ಮೊದಲೇ ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ಪಡೆದು ಸರಕನ್ನೇ ಕಳುಹಿಸದ ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದಾದ್ದರಿಂದ, ಮಾರಿದವರು ಎಲ್ಲಿಯವರೇ ಆಗಿರಲಿ, ನಮಗೆ ಕಾಸರಗೋಡಿನ ಆಯೋಗವೇ ಸಾಕು.