ಕೊನೇ ಇನ್‌ಸ್ಟ್ರಕ್ಷನ್ನಿನಲ್ಲಿ ಎಡವುತ್ತಿದ್ದ ಡೀಬಗರ್: ಆರು ವರ್ಷ ಬಳಸಿದ ಮೇಲೆ

ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಿ ಅದರ ಒಳಗೆ ಏನಾಗುತ್ತಿದೆ ಅಂತ ತೋರಿಸುವ ಈ ಡೀಬಗರ್‌ನ ಹೆಸರು ಹೇಳುವುದಿಲ್ಲ. ಬಳಸಿದವರಿಗೆ ಎರಡು ಪ್ಯಾರಾ ಓದುವಷ್ಟರಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಏನೇನು ಸೌಲಭ್ಯ ಇದೆ, ಯಾವ ಯಾವ ಪ್ರೊಸೆಸರ್‌ಗೆ ನಡೆಯುತ್ತದೆ ಅನ್ನುವುದನ್ನೂ ಬರೆಯುತ್ತಿಲ್ಲ. ಆ ಪಟ್ಟಿ ಎಲ್ಲ ಕಡೆ ಇದೆ. ನನಗೆ ಬರೆಯಬೇಕಿರುವುದು ಪ್ರೊಸೆಸರ್‌ಗೆ ಕೊಡುವ ಒಂದೇ ಒಂದು ಇನ್‌ಸ್ಟ್ರಕ್ಷನ್ ಬಗ್ಗೆ: ಫಂಕ್ಷನ್ (ಪ್ರೋಗ್ರಾಂನ ಒಂದು ತುಂಡು) ಮುಗಿಯುವಾಗ, ಕರೆದವನ ಬಳಿಗೆ ವಾಪಸ್ ಕಳಿಸಲು ಬರುವ ರೆಟ್ (ret).

ಮೊದಲು ನನ್ನ ಅಭ್ಯಾಸ ಹೇಳಬೇಕು, ಇಲ್ಲದಿದ್ದರೆ ಈ ಸಿಟ್ಟು ಅರ್ಥವಾಗುವುದಿಲ್ಲ. ಪ್ರೋಗ್ರಾಂನ ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಅಳೆಯುವ ಪ್ರೊಫೈಲರ್ ನಾನು ಬಳಸುವವನಲ್ಲ. ಡೀಬಗರ್‌ನ ಲೈಸೆನ್ಸ್‌ಗೆ ವರ್ಷ ವರ್ಷ ಕೈಯಿಂದ ಕೊಡುವುದೇ ಸಾಕು, ಇನ್ನೊಂದಕ್ಕೆ ಯಾರು ಕೊಡುತ್ತಾರೆ? ಪ್ರೋಗ್ರಾಂ ನಿಧಾನವಾದರೆ ಅದನ್ನು ಡೀಬಗರ್‌ನಲ್ಲಿ ಓಡಲು ಬಿಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಕಂಟ್ರೋಲ್-ಸಿ ಒತ್ತಿ ನಿಲ್ಲಿಸುತ್ತೇನೆ. ಬ್ಯಾಕ್‌ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಅನ್ನುವ ಪಟ್ಟಿ, ನೋಡುತ್ತೇನೆ. ಮೇಲಿನ ಮೂರು ಫಂಕ್ಷನ್‌ಗಳನ್ನು ಹಳೇ ಲಕೋಟೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದು, ಪಕ್ಕದಲ್ಲಿ ಒಂದು ಗೀಟು ಎಳೆಯುತ್ತೇನೆ. ಮತ್ತೆ ಓಡಿಸು, ಮತ್ತೆ ನಿಲ್ಲಿಸು, ಮತ್ತೆ ಗೀಟು. ಇಪ್ಪತ್ತು ಸಲ. ಇಪ್ಪತ್ತರಲ್ಲಿ ಹನ್ನೆರಡು ಗೀಟು ಒಂದೇ ಕಡೆ ಬಿದ್ದರೆ, ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಹೇಳಲು ಬಣ್ಣದ ಗ್ರಾಫ್ ಬೇಡ. ಈ ಕೆಲಸ ನನಗೆ ನಿಜಕ್ಕೂ ಇಷ್ಟ. ಲಕೋಟೆಗಳನ್ನು ಎಸೆಯುವುದೂ ಇಲ್ಲ.

ಎರಡನೇ ವರ್ಷದಲ್ಲಿ ಒಂದು ಲಕೋಟೆ ನನ್ನ ತಲೆ ಕೆಡಿಸಿತು. ನಮ್ಮ ಕೋಡ್‌ನಲ್ಲಿ 'ಓದು' ಎಂಬ ಫಂಕ್ಷನ್ 'ಬಿಡಿಸು'ವನ್ನು ಕರೆಯುತ್ತದೆ, 'ಬಿಡಿಸು' ಹೋಗಿ 'ಅಳೆ'ಯನ್ನು ಕರೆಯುತ್ತದೆ. (ಹೆಸರು ಬದಲಿಸಿದ್ದೇನೆ.) ಆದರೆ ಲಕೋಟೆಯಲ್ಲಿ ನಾಲ್ಕು ಗೀಟು 'ಓದು' ನೇರವಾಗಿ 'ಅಳೆ'ಯನ್ನು ಕರೆದ ಹಾಗೆ ಇದ್ದವು. ನಡುವಿನವನು ಮಾಯ. ಇನ್‌ಲೈನ್ ಆಗಿರಬೇಕು, ಅಂದರೆ ಅದರ ಕೋಡ್ ಕರೆದವನೊಳಗೇ ಸೇರಿಹೋಗಿರಬೇಕು ಅಂದುಕೊಂಡೆ, ಆಗಿರಲಿಲ್ಲ. ಹೆಸರಿನ ಬದಲು ವಿಳಾಸದಿಂದ ಕರೆಯುವ ಯಾವುದೋ ಫಂಕ್ಷನ್ ಪಾಯಿಂಟರ್ ಇರಬೇಕು ಅಂತ ಎರಡು ದಿನ ಕೋಡ್ ಪೂರ್ತಿ ಜಾಲಾಡಿದೆ. ಜೊತೆಯಲ್ಲಿ ಕೆಲಸ ಮಾಡುವವರ ಮೇಲೂ ಸುಮ್ನೆ ಅನುಮಾನ ಪಟ್ಟೆ. ಅಂಥ ಕರೆ ಎಲ್ಲೂ ಇರಲಿಲ್ಲ.

ಮೂರನೇ ದಿನ 'ಅಳೆ'ಯ ಒಳಗೆ ಹೋಗಿ ಒಂದೊಂದೇ ಇನ್‌ಸ್ಟ್ರಕ್ಷನ್ ನಡೆಸಿ, ಪ್ರತಿ ಹೆಜ್ಜೆಗೂ ಬ್ಯಾಕ್‌ಟ್ರೇಸ್ ನೋಡಿದೆ. ಉದ್ದಕ್ಕೂ ಸರಿ. ರೆಟ್‌ಗೆ ಮುಂಚಿನ ಇನ್‌ಸ್ಟ್ರಕ್ಷನ್ ಪಾಪ್ ಆರ್‌ಬಿಪಿ ಆಯಿತು, ರೆಟ್ ಮೇಲೆ ನಿಂತಿತು, ಆಗ 'ಬಿಡಿಸು' ಕಾಣೆ. ಇನ್ನೊಂದು ಹೆಜ್ಜೆ ಇಟ್ಟರೆ 'ಬಿಡಿಸು' ತನ್ನ ಜಾಗದಲ್ಲೇ ಹಾಜರ್!

ಕಾರಣ ತಿಳಿದ ಮೇಲೆ ನಗು ಬಂತು. ಕರೆದ ಫಂಕ್ಷನ್‌ಗೆ ಸ್ಟ್ಯಾಕ್ ಎಂಬ ಮೆಮೊರಿಯಲ್ಲಿ ಫ್ರೇಮ್ ಎಂಬ ತನ್ನದೇ ಜಾಗ ಇರುತ್ತದೆ, ಅದು ಎಲ್ಲಿದೆ ಅಂತ ತೋರಿಸುವುದು ಆರ್‌ಬಿಪಿ ರಿಜಿಸ್ಟರ್‌ನಲ್ಲಿರುವ ಫ್ರೇಮ್ ಪಾಯಿಂಟರ್. 64 ಬಿಟ್‌ನ ಎಕ್ಸ್86 ಪ್ರೊಸೆಸರ್‌ನಲ್ಲಿ ಫ್ರೇಮ್ ಪಾಯಿಂಟರ್ ಇಟ್ಟುಕೊಂಡ ಫಂಕ್ಷನ್ ನಡೆಯುತ್ತಿರುವಾಗ, ವಾಪಸ್ ಹೋಗಬೇಕಾದ ವಿಳಾಸ ಆರ್‌ಬಿಪಿ ತೋರಿಸುವ ಜಾಗದಿಂದ 8 ಬೈಟ್ ಮೇಲೆ ಇರುತ್ತದೆ. ಡೀಬಗರ್ ಅದನ್ನೇ ನಂಬಿ ಕೂತಿತ್ತು. ಆದರೆ ಪಾಪ್ ಆದ ಕೂಡಲೇ ಆರ್‌ಬಿಪಿಯಲ್ಲಿ ಕರೆದವನ ಫ್ರೇಮ್ ಬಂದು ಕೂತಿರುತ್ತದೆ. ಅದರಿಂದ 8 ಬೈಟ್ ಮೇಲೆ ನೋಡಿದರೆ ಸಿಗುವುದು 'ಬಿಡಿಸು' ವಾಪಸ್ ಹೋಗಬೇಕಾದ ಜಾಗ, ಅಂದರೆ 'ಓದು'. ಹೀಗೆ ಒಂದು ಮೆಟ್ಟಿಲು ಹಾರಿಹೋಗುತ್ತದೆ. ಒಂದೇ ಇನ್‌ಸ್ಟ್ರಕ್ಷನ್ ಅಲ್ವಾ ಅನ್ನಬಹುದು. 'ಅಳೆ' ಇರುವುದೇ ಎಂಟು ಇನ್‌ಸ್ಟ್ರಕ್ಷನ್, ಕರೆಯುವುದು ಲಕ್ಷಾಂತರ ಸಲ. ಕಂಟ್ರೋಲ್-ಸಿ ಒತ್ತಿದಾಗ ರೆಟ್ ಮೇಲೆ ಬಂದು ನಿಲ್ಲುವುದು ಅಪರೂಪವೇನಲ್ಲ.

ವಾಚ್ ಇಟ್ಟವರ ಪಾಡು ಇನ್ನೂ ಕೆಟ್ಟದ್ದು. ಒಂದು ಫಂಕ್ಷನ್ನಿನ ಒಳಗಿನ ವೇರಿಯಬಲ್ ಮೇಲೆ ಕಣ್ಣಿಡು ಎಂದರೆ, ಆ ಫಂಕ್ಷನ್ನಿನ ಫ್ರೇಮ್ ಇನ್ನೂ ಇದೆಯಾ ಅಂತ ಡೀಬಗರ್ ಆಗಾಗ ವಿಚಾರಿಸಿಕೊಳ್ಳುತ್ತದೆ. ಫ್ರೇಮನ್ನು ಗುರುತಿಸುವುದು ಅದರ ಸ್ಟ್ಯಾಕ್ ವಿಳಾಸದಿಂದ. ನಡುವಿನ ಮೆಟ್ಟಿಲು ಕಾಣದಿದ್ದರೆ ಆ ಫ್ರೇಮ್ ಹೋಯಿತು ಅಂತ ವಾಚನ್ನೇ ಕಿತ್ತು ಹಾಕುತ್ತದೆ. 'ಬಿಡಿಸು' ಒಳಗೆ ವಾಚ್ ಇಟ್ಟು, 'ಅಳೆ' ಮುಗಿಯುವಾಗ ಅದು ಉದುರಿಹೋದದ್ದು ಎಷ್ಟು ಸಲವೋ!

ಡೀಬಗರ್‌ಗೆ ಬೈಯುತ್ತಲೇ ಇದ್ದೆ. ಆಮೇಲೆ ತಪ್ಪು ಅದರದ್ದು ಮಾತ್ರ ಅಲ್ಲ ಅಂತ ಗೊತ್ತಾಯಿತು. ಎಲ್ಲಿ ನಿಂತರೆ ಸ್ಟ್ಯಾಕನ್ನು ಹೇಗೆ ಬಿಚ್ಚಬೇಕು, ಅಂದರೆ ಕರೆದವನನ್ನು ಹೇಗೆ ಹುಡುಕಬೇಕು ಅಂತ ಹೇಳುವ ಒಂದು ಟೇಬಲ್ ಅನ್ನು, ನಾವು ಬರೆದ ಕೋಡನ್ನು ಇನ್‌ಸ್ಟ್ರಕ್ಷನ್‌ಗಳಾಗಿ ಮಾಡುವ ಕಂಪೈಲರ್ ಬರೆದಿಡುತ್ತದೆ. ನಾವು ಬಳಸುತ್ತಿದ್ದ ಕಂಪೈಲರ್ ಹಳೆಯದು. ಅದರ ಟೇಬಲ್‌ನಲ್ಲಿ ಫಂಕ್ಷನ್ ಶುರುವಾಗುವ ಭಾಗದ ಲೆಕ್ಕ ಇತ್ತು, ಮುಗಿಯುವ ಭಾಗದ್ದು ಇರಲಿಲ್ಲ. ಸೋಮಾರಿತನಕ್ಕೆ ಕಾರಣವೂ ಇತ್ತು: ಸಿ++ ಭಾಷೆಯಲ್ಲಿ ಏನಾದರೂ ತಪ್ಪಾದಾಗ ಎಸೆಯುವ ಎಕ್ಸೆಪ್ಷನ್‌ಗಳು ಸ್ಟ್ಯಾಕ್ ಬಿಚ್ಚುವುದು ಯಾವುದೋ ಫಂಕ್ಷನ್ ಕರೆದ ಜಾಗದಿಂದ ಮಾತ್ರ. ರೆಟ್ ಮೇಲೆ ನಿಂತು ಯಾರೂ ಎಕ್ಸೆಪ್ಷನ್ ಎಸೆಯುವುದಿಲ್ಲ. ಅಲ್ಲಿ ಬಂದು ನಿಲ್ಲುವವರು ನನ್ನಂಥವರು, ಪ್ರೊಫೈಲರ್‌ಗಳು, ಪ್ರೋಗ್ರಾಂ ಅನ್ನು ನಡುವೆ ತಡೆಯುವ ಸಿಗ್ನಲ್‌ಗಳು. ಜಿಸಿಸಿ ಎಂಬ ಕಂಪೈಲರ್ ಕೂಡ ಮುಗಿಯುವ ಭಾಗವನ್ನು ಟೇಬಲ್‌ನಲ್ಲಿ ಸರಿಯಾಗಿ ಬರೆಯಲು ಶುರುಮಾಡಿದ್ದು 4.5ನೇ ಆವೃತ್ತಿಯಿಂದ, ಅಂದರೆ 2010ರಲ್ಲಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಟೇಬಲ್ ಹೇಳಿದ್ದನ್ನು ನಮ್ಮ ಡೀಬಗರ್ ಕೇಳಿತ್ತು, ಅಷ್ಟೆ.

ಇಷ್ಟು ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಎರಡು ವರ್ಷದ ಹಿಂದೆ, ಒಂದು ಅಪ್‌ಡೇಟ್‌ನಲ್ಲಿ. ಅದರ ಟಿಪ್ಪಣಿಯಲ್ಲಿ ಒಂದೇ ಸಾಲು: ಫಂಕ್ಷನ್ ಹೊರಬರುವಾಗಿನ ಫ್ರೇಮ್ ಲೆಕ್ಕ ಸುಧಾರಿಸಿದೆ. ಮಾಡಿದ್ದು ಎಷ್ಟು ಸರಳ ಅಂದರೆ, ಈಗ ನಿಂತಿರುವ ಬೈಟ್ ರೆಟ್ ಆಗಿದ್ದರೆ ಟೇಬಲನ್ನು ಪಕ್ಕಕ್ಕಿಟ್ಟು, ಸ್ಟ್ಯಾಕ್‌ನ ತುದಿಯಲ್ಲಿ ಇರುವುದನ್ನೇ ವಾಪಸ್ ವಿಳಾಸ ಅಂತ ತೆಗೆದುಕೊಳ್ಳುವುದು. ರೆಟ್ ಮಾಡುವುದೂ ಅದನ್ನೇ ತಾನೇ. ಜಿಡಿಬಿ ಎಂಬ ಇನ್ನೊಂದು ಡೀಬಗರ್‌ನಲ್ಲಿ ಈ ಉಪಾಯ ಹಿಂದಿನಿಂದ ಇದೆ. ಅಲ್ಲಿ ಇನ್ನೂ ಜಾಣತನ: ಜಿಸಿಸಿ 4.5 ಅಥವಾ ಆಮೇಲಿನದ್ದು ಕಟ್ಟಿದ ಕೋಡ್ ಅಂತ ಡೀಬಗ್ ಮಾಹಿತಿಯಿಂದ ಗೊತ್ತಾದರೆ ಟೇಬಲ್‌ಗೇ ಮೊದಲ ಮಾತು. ಒಂದೊಂದು ಇನ್‌ಸ್ಟ್ರಕ್ಷನ್‌ಗೂ ನಿಂತು ಬ್ಯಾಕ್‌ಟ್ರೇಸ್ ಸರಿಯಿದೆಯಾ ಅಂತ ನೋಡುವ ಟೆಸ್ಟ್ ಕೂಡ ಅವರ ಬಳಿ ಇದೆ. ನಾನು ಮೂರನೇ ದಿನ ಕೈಯಲ್ಲಿ ಮಾಡಿದ ಕೆಲಸವೇ ಅದು. ಹಾಗಾದರೆ ಜಿಡಿಬಿಯನ್ನೇ ಬಳಸಬಹುದಲ್ಲ ಅಂತ ಕೇಳುತ್ತೀರಿ. ಎರಡು ಸಲ ಹೋಗಿ ಬಂದೆ. ನಮ್ಮ ಡೀಬಗರ್‌ನ ಮೆಮೊರಿ ನೋಟಕ್ಕೆ ಕಣ್ಣು ಒಗ್ಗಿಹೋಗಿದೆ, ಬಿಡಲಾಗಲಿಲ್ಲ.

ಅಪ್‌ಡೇಟ್ ಹಾಕಿದ ಸಂಜೆ ಬೇರೆ ಕೆಲಸ ಬಿಟ್ಟು ಕೂತೆ. 'ಅಳೆ'ಯ ಒಳಗೆ ಹೋದೆ. ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ನಡೆಯುತ್ತದೆ. ಎಂಟರ್, ಎಂಟರ್, ಪಾಪ್. ಇನ್ನೊಂದು ಎಂಟರ್, ರೆಟ್. ಬ್ಯಾಕ್‌ಟ್ರೇಸ್ ಕೇಳಿದೆ. 'ಅಳೆ', 'ಬಿಡಿಸು', 'ಓದು'. ಮೂರೂ ಇದ್ದವು. ಏನೂ ಆಗದೆ ಇದ್ದದ್ದಕ್ಕೆ ಇಷ್ಟು ಖುಷಿಪಟ್ಟದ್ದು ನೆನಪಿಲ್ಲ. ಹಳೇ ಲಕೋಟೆ ತೆಗೆದು ಇಪ್ಪತ್ತು ಸಲ ಮತ್ತೆ ಮಾಡಿದೆ. ಆ ನಾಲ್ಕು ಅನಾಥ ಗೀಟು ಬರಲಿಲ್ಲ.

ಹಾಗಂತ ಪೂರ್ತಿ ಮುಗಿದಿಲ್ಲ. ವೇಗಕ್ಕಾಗಿ ಕಂಪೈಲರ್ ಆಪ್ಟಿಮೈಸ್ ಮಾಡಿದ ಕೋಡ್‌ನಲ್ಲಿ ಕೆಲವು ಫಂಕ್ಷನ್ ರೆಟ್‌ನಿಂದ ಮುಗಿಯುವುದೇ ಇಲ್ಲ. ಪಾಪ್ ಮಾಡಿ, ಮುಂದಿನ ಫಂಕ್ಷನ್‌ಗೆ ನೇರ ಜಂಪ್ ಮಾಡುತ್ತದೆ. ಅಲ್ಲಿ ನಿಂತ ಬೈಟ್ ರೆಟ್ ಅಲ್ಲವಲ್ಲ, ಹೊಸ ಉಪಾಯ ಕೆಲಸಕ್ಕೆ ಬರದು. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷದ ಗಲಾಟೆಯ ನಂತರ ಬಂದ ರೆಟ್‌ಪೋಲಿನ್ ಎಂಬ ರಕ್ಷಣಾ ಉಪಾಯದ್ದು ಇದರ ಉಲ್ಟಾ ಕಥೆ. ಅದು ಹೋಗಬೇಕಾದ ವಿಳಾಸವನ್ನು ಸ್ಟ್ಯಾಕ್ ತುದಿಯಲ್ಲಿ ಬರೆದು, ರೆಟ್ಟನ್ನೇ ಜಂಪ್ ಆಗಿ ಬಳಸುತ್ತದೆ. ಬೈಟ್ ನೋಡಿ ಊಹಿಸುವವನು ಅಲ್ಲಿ ಮೋಸಹೋಗುತ್ತಾನೆ. ನನಗೆ ಅದು ಅಪರೂಪ. ಜಂಪ್ ಮಾತ್ರ ದಿನಾ ಕಾಡುತ್ತದೆ, ಯಾಕೆಂದರೆ ಹೊರಗಿನವರೊಬ್ಬರು ಕೊಟ್ಟ ಲೈಬ್ರರಿಯನ್ನು ಸೈಜ್ ಕಮ್ಮಿ ಮಾಡಲು ಟೇಬಲ್ ಕಿತ್ತುಹಾಕಿ ಕಟ್ಟಿದ್ದಾರೆ. ಅಲ್ಲಿ ಊಹೆ ಬಿಟ್ಟರೆ ಗತಿಯಿಲ್ಲ.

ಲೈಸೆನ್ಸ್ ಈ ವರ್ಷವೂ ಮುಂದುವರಿಸಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಕೋಡನ್ನು ಇನ್‌ಸ್ಟ್ರಕ್ಷನ್ ಮಟ್ಟದಲ್ಲಿ ನೋಡದೆ, ಸಾಲು ಸಾಲಾಗಿ ಮಾತ್ರ ನಡೆಸುವವರು ಐದೂ ಕೊಡಬಹುದು, ಅವರಿಗೆ ಈ ತೊಂದರೆ ಕಣ್ಣಿಗೇ ಬೀಳಲಿಕ್ಕಿಲ್ಲ. ಲೈಬ್ರರಿಯವರಿಗೆ ಟೇಬಲ್ ಸೇರಿಸಿ ಮತ್ತೆ ಕಟ್ಟಿಕೊಡಿ ಅಂತ ಮೂರು ಸಲ ಬರೆದಿದ್ದೇನೆ. ನೋಡುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ, ಪಾಪ್ ಆದ ಮೇಲೆ ಜಂಪ್ ಕಂಡರೆ ಒಂದು ಎಂಟರ್ ಜಾಸ್ತಿ ಒತ್ತಿ, ಆ ಕಡೆ ಇಳಿದ ಮೇಲೆ ಬ್ಯಾಕ್‌ಟ್ರೇಸ್ ಕೇಳುತ್ತೇನೆ.